ಘಾಟಿ ಇಳಿಯುವ ರೈಲು ಮತ್ತು ‘ಮೆಸೇಜ್ ಹಾಕಿದ್ನಲ್ಲಾ!’

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲುದಾರಿಯ ವಿಡಿಯೊ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತೆ. ಮಂಜು ಹೊದ್ದ ಗುಡ್ಡ, ಎತ್ತರದ ಸೇತುವೆ, ಬಾಗಿ ಬರುವ ಬೋಗಿಗಳು, ಹಿನ್ನೆಲೆಯಲ್ಲಿ ಯಾವುದೋ ಸಿನಿಮಾ ಹಾಡು. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, ನೂರಕ್ಕೂ ಹೆಚ್ಚು ತಿರುವು. ಕಡಿದಾದ ಕಡೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗಿಳಿಯುವಷ್ಟು ಇಳಿಜಾರು. ರೈಲಿನ ಲೆಕ್ಕದಲ್ಲಿ ಇದು ಭಾರೀ ಇಳಿಜಾರೇ.

1979ರಲ್ಲಿ ಇಲ್ಲಿ ಮೀಟರ್ ಗೇಜ್ ರೈಲು ಶುರುವಾಯ್ತು. 1996ರಲ್ಲಿ ಬ್ರಾಡ್‌ಗೇಜ್ ಮಾಡಲು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದ ಮೇಲಂತೂ ರೀಲ್ಸ್‌ಗೆ ಬರವೇ ಇಲ್ಲ.

ಆ ವಿಡಿಯೊಗಳಲ್ಲಿ ಒಂದು ವಿಷಯ ಮಾತ್ರ ಕಾಣಿಸೋದಿಲ್ಲ. ಒಂದು ರೈಲು ಈ ಘಾಟಿಯನ್ನು ಕ್ಷೇಮವಾಗಿ ಇಳಿಯಬೇಕಾದರೆ ಕನಿಷ್ಠ ನಾಲ್ಕು ಬೇರೆ ಬೇರೆ ಇಲಾಖೆಯವರು ಪರಸ್ಪರರ ಮಾತು ನಂಬಬೇಕು. ಹಳಿ ನೋಡಿಕೊಳ್ಳೋದು ಎಂಜಿನಿಯರಿಂಗ್‌ನವರು. ಸಿಗ್ನಲ್ ನೋಡಿಕೊಳ್ಳೋದು ಸಿಗ್ನಲ್ ಮತ್ತು ಟೆಲಿಕಾಂನವರು. ಎಂಜಿನ್ ಮತ್ತು ಬೋಗಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರದ್ದು. ರೈಲು ಓಡಿಸೋ ಜವಾಬ್ದಾರಿ ಆಪರೇಟಿಂಗ್‌ನವರದ್ದು. ಒಬ್ಬೊಬ್ಬರಿಗೂ ಬೇರೆ ಸಾಹೇಬರು, ಬೇರೆ ಬಡ್ತಿ, ಬೇರೆ ತಲೆನೋವು. ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿರೋದೇ ಇಲ್ಲ.

ಬೆಂಗಳೂರಿನ ಟೆಕ್ ಪಾರ್ಕ್‌ನಲ್ಲಿ ಕೂತು ಕೆಲಸ ಮಾಡುವ ನನಗೆ ಈ ವಿಷಯ ಯಾಕೆ ಬೇಕಾಯ್ತು ಅಂತ ಹೇಳಿಬಿಡ್ತೀನಿ.

ಹೆಬ್ಬೆಟ್ಟಿನ ಕಥೆ

ನಮ್ಮ ಕಂಪನಿಯ ಹೆಸರು ಬೇಡ. ನಿಮ್ಮ ಕಂಪನಿಯೂ ಹೆಚ್ಚೂಕಮ್ಮಿ ಹಾಗೇ ಇರುತ್ತೆ. ಸೇಲ್ಸ್‌ನವರು ಗ್ರಾಹಕರಿಗೆ ಒಂದು ತಾರೀಖು ಕೊಟ್ಟಿರ್ತಾರೆ, ಅದು ನಮಗೆ ಗ್ರಾಹಕರ ಈಮೇಲ್‌ನಿಂದ ಗೊತ್ತಾಗುತ್ತೆ. ನಾವು ಒಂದು ಸ್ಕ್ರೀನ್ ಬದಲಾಯಿಸಿರ್ತೀವಿ, ಅದು ಸಪೋರ್ಟ್‌ನವರಿಗೆ ಬೈಗುಳದ ಫೋನ್ ಬಂದಾಗ ಗೊತ್ತಾಗುತ್ತೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಗ್ರೂಪ್‌ನಲ್ಲಿ ಮೆಸೇಜ್ ಹಾಕಿದ್ನಲ್ಲಾ!’

ಹಾಕಿದ್ದು ನಿಜಾನೇ. ಆ ಮೆಸೇಜಿಗೆ ಆರೇಳು ಜನ ಹೆಬ್ಬೆಟ್ಟು ಒತ್ತಿರೋದೂ ನಿಜ. ನಮ್ಮ ಅಜ್ಜಂದಿರ ಕಾಲದಲ್ಲಿ ಹೆಬ್ಬೆಟ್ಟು ಒತ್ತಿದವರು ಕಾಗದದಲ್ಲಿ ಏನಿದೆ ಅಂತ ಓದಿರುತ್ತಿರಲಿಲ್ಲ. ಈಗಲೂ ಅಷ್ಟೇ, ಅಕ್ಷರ ಬಂದರೂ ಓದಿರೋದಿಲ್ಲ.

ಹೋದ ವರ್ಷ ಸಪೋರ್ಟ್ ಟೀಮಿನ ಒಬ್ಬ ಗೆಳತಿ ಕೆಲಸ ಬಿಟ್ಟಳು. ರಾತ್ರಿ ಪಾಳಿಯಲ್ಲಿ ಗ್ರಾಹಕರಿಂದ ಬೈಸಿಕೊಳ್ಳೋದು ಅವಳಿಗೆ ಹೊಸದೇನಲ್ಲ. ‘ನಮ್ಮವರು ಏನು ಬದಲಾಯಿಸಿದ್ದಾರೆ ಅಂತ ಹೊರಗಿನವರ ಬಾಯಿಂದ ಕೇಳ್ಬೇಕಲ್ಲ, ಅದು ಸಾಕಾಯ್ತು’ ಅಂದಳು. ಅವಳು ಹೋದ ಮೇಲೆ ಕಂಪನಿ ಮಾಡಿದ್ದು ಎರಡು ಕೆಲಸ: ಇನ್ನೊಂದು ಗ್ರೂಪ್, ವಾರಕ್ಕೆ ಇನ್ನೊಂದು ಮೀಟಿಂಗ್. ಟೀಮುಗಳ ನಡುವಿನ ಸಂವಹನ ಸುಧಾರಿಸಲು ಏನು ಮಾಡಬಹುದು ಅಂತ ಒಂದು ಪುಟ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ದೊಡ್ಡಪ್ಪ ಹಾಸನದಲ್ಲಿರೋದು. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತಿಯಾದವರು. ಹಬ್ಬಕ್ಕೆ ಹೋದಾಗ ಈ ವಿಷಯ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ‘ಭಾನುವಾರ ಹಗಲು ರೈಲಿದೆ. ಘಾಟಿ ಇಳಿದು ಬರೋಣ ಬಾಮ್ಮ. ಮಾತಲ್ಲಿ ಹೇಳಿದ್ರೆ ನಿಂಗೆ ಬೋರಾಗುತ್ತೆ’ ಅಂದರು.

ಏನೂ ಇಲ್ಲ ಅನ್ನೋದಕ್ಕೂ ಒಂದು ಚೀಟಿ

ಮಳೆಗಾಲದ ಕೊನೆ. ಹಾಸನ ಬಿಟ್ಟ ಮೇಲೆ ಜೋಳದ ಹೊಲಗಳು ಹೋಗಿ ಕಾಫಿ ತೋಟಗಳು ಶುರುವಾದವು. ಸಕಲೇಶಪುರದ ಹತ್ತಿರ ಹೇಮಾವತಿ ಕೆಂಪಾಗಿ ಹರೀತಿತ್ತು. ಘಾಟಿಗಿಳಿಯುವ ಮುಂಚೆ ಇಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತೆ. ಜನ ಪ್ಲಾಟ್‌ಫಾರ್ಮಿಗೆ ಇಳಿದು ಫೋಟೊ ತೆಗೀತಿದ್ದರು. ದೊಡ್ಡಪ್ಪ ನನ್ನ ಭುಜ ತಟ್ಟಿ ಎಂಜಿನ್ ಕಡೆ ತೋರಿಸಿದರು.

ಡ್ರೈವರಿಗೆ ಕೊಡುವ ಒಂದು ಕಾಗದದ ಬಗ್ಗೆ ಅವರು ಹೇಳಲು ಶುರುಮಾಡಿದರು. ಅದರ ಹೆಸರು ಕಾಶನ್ ಆರ್ಡರ್. ಮುಂದೆ ಎಲ್ಲೆಲ್ಲಿ ಹಳಿ ಕೆಲಸ ನಡೀತಿದೆ, ಎಷ್ಟನೇ ಕಿಲೋಮೀಟರಿನಿಂದ ಎಷ್ಟನೇ ಕಿಲೋಮೀಟರಿನವರೆಗೆ ಎಷ್ಟು ವೇಗದಲ್ಲಿ ಹೋಗಬೇಕು, ಎಲ್ಲ ಅದರಲ್ಲಿ ಇರುತ್ತೆ. ಹಳಿಯವರು ಕೊಟ್ಟ ಮಾಹಿತಿಯನ್ನ ಸ್ಟೇಷನ್‌ನವರು ಬರೆದು ಡ್ರೈವರಿಗೂ ಗಾರ್ಡಿಗೂ ಕೊಟ್ಟು ಸಹಿ ಹಾಕಿಸಿಕೊಳ್ತಾರೆ. (ಡ್ರೈವರಿಗೆ ಈಗ ಲೋಕೋ ಪೈಲಟ್ ಅಂತಲೂ, ಗಾರ್ಡಿಗೆ 2022ರಿಂದ ಟ್ರೈನ್ ಮ್ಯಾನೇಜರ್ ಅಂತಲೂ ಹೆಸರು. ದೊಡ್ಡಪ್ಪನ ಬಾಯಲ್ಲಿ ಅವರಿನ್ನೂ ಡ್ರೈವರ್, ಗಾರ್ಡೇ.)

‘ಎಲ್ಲೂ ಕೆಲಸ ಇಲ್ಲದಿದ್ರೆ?’ ಅಂದೆ.

‘ಆಗ್ಲೂ ಒಂದು ಚೀಟಿ ಕೊಡ್ಬೇಕು. ನಿಲ್ ಕಾಶನ್ ಆರ್ಡರ್. ಅದಕ್ಕೇ ಬೇರೆ ಫಾರಂ ಇದೆ.’

‘ಏನೂ ಇಲ್ಲ ಅಂತ ಹೇಳೋದಕ್ಕೆ ಒಂದು ಫಾರಮ್ಮಾ ದೊಡ್ಡಪ್ಪ?’

‘ನೀನೇ ಯೋಚ್ನೆ ಮಾಡಮ್ಮ. ಚೀಟಿ ಕೊಡ್ಲೇ ಇಲ್ಲ ಅಂದ್ರೆ, ಮುಂದೆ ಏನೂ ಇಲ್ಲ ಅಂತಲೋ ಅಥವಾ ಯಾರೋ ಕೊಡೋದು ಮರೆತ್ರು ಅಂತಲೋ? ಡ್ರೈವರಿಗೆ ಹೇಗೆ ಗೊತ್ತಾಗ್ಬೇಕು?’

ನಾನು ಸುಮ್ಮನಾದೆ. ನಮ್ಮ ಆಫೀಸಿನಲ್ಲಿ ಮೆಸೇಜ್ ಬರದ ವಾರ ಅಂದರೆ ಏನು ಅರ್ಥ? ಬದಲಾವಣೆ ಇಲ್ಲ ಅಂತಲೂ ಇರಬಹುದು, ಬರೆಯಬೇಕಾದವನು ರಜದಲ್ಲಿದ್ದಾನೆ ಅಂತಲೂ ಇರಬಹುದು. ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.

ಮೌನಕ್ಕೆ ಇಲ್ಲಿ ಒಂದೇ ಅರ್ಥ

ದೋಣಿಗಲ್ ದಾಟಿದ ಮೇಲೆ ಘಾಟಿ ಶುರುವಾಗುತ್ತೆ. ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸಿಗೆ ಇಳಿಯಿತು. ಸುರಂಗ ಬಂದಾಗಲೆಲ್ಲ ಬೋಗಿಯ ತುಂಬ ಮಕ್ಕಳ ಕೂಗಾಟ. ಎರಡು ಸುರಂಗದ ನಡುವೆ ಒಮ್ಮೆಲೇ ಬೆಳಕು, ಕೆಳಗೆ ಎಲ್ಲೋ ಹೊಳೆ, ಬಂಡೆಯ ಮೇಲಿಂದ ಸುರಿಯುವ ನೀರು. ಕಿಟಕಿಯ ಹೊರಗೆ, ಹಳಿಯ ಪಕ್ಕದಲ್ಲಿ, ರೇನ್‌ಕೋಟ್ ಹಾಕಿಕೊಂಡ ಒಬ್ಬ ಮನುಷ್ಯ ಕೈಯಲ್ಲಿ ಬಾವುಟ ಹಿಡಿದು ನಿಂತಿದ್ದ. ನಮ್ಮ ಬೋಗಿಯವರು ಕೈಬೀಸಿದರು. ಅವನು ನಮ್ಮನ್ನು ನೋಡಲಿಲ್ಲ, ಚಕ್ರ ನೋಡ್ತಿದ್ದ.

ಮಳೆಗಾಲದಲ್ಲಿ ಇಂಥ ಜಾಗಗಳಲ್ಲಿ ಹಗಲೂ ರಾತ್ರಿ ಗಸ್ತು ಇರುತ್ತೆ. ಒಬ್ಬೊಬ್ಬನಿಗೂ ಇಂತಿಷ್ಟು ದೂರ, ಇಂತಿಷ್ಟು ಹೊತ್ತಿಗೆ ಇಲ್ಲಿರಬೇಕು ಅನ್ನೋ ವೇಳಾಪಟ್ಟಿ. ಈ ಕಡೆಯವನೂ ಆ ಕಡೆಯವನೂ ನಡುವೆ ಎದುರಾದಾಗ ತಮ್ಮ ಗಸ್ತು ಪುಸ್ತಕಗಳನ್ನ ಬದಲಾಯಿಸಿಕೊಳ್ತಾರೆ. ಪುಸ್ತಕ ಹೀಗೆ ಕೈಯಿಂದ ಕೈಗೆ ನಡೆದು ಸ್ಟೇಷನ್ ತಲುಪಿದರೆ, ಇಡೀ ದಾರಿಯನ್ನ ಯಾರೋ ಕಾಲಲ್ಲಿ ನಡೆದು ನೋಡಿದ್ದಾರೆ ಅಂತ ಅರ್ಥ.

‘ಗಸ್ತಿನವನು ಟೈಮಿಗೆ ಬರ್ಲಿಲ್ಲ ಅಂದ್ರೆ?’

‘ಏನೋ ಆಗಿದೆ ಅಂತಲೇ ತಿಳ್ಕೋಬೇಕು. ಆ ಕಡೆ ಹೋಗೋ ರೈಲನ್ನ ನಿಲ್ಸಿ, ಡ್ರೈವರಿಗೆ ಚೀಟಿ ಕೊಟ್ಟು ನಿಧಾನ ಬಿಡ್ಬೇಕು. ಬಹುಶಃ ಅವನು ದಾರೀಲಿ ಕಾಲು ಉಳುಕಿಸ್ಕೊಂಡು ಕೂತಿರ್ತಾನೆ. ಬಹುಶಃ ಗುಡ್ಡವೇ ಜಾರಿರುತ್ತೆ. ಗೊತ್ತಿಲ್ಲ ಅಂದ್ಮೇಲೆ ಒಳ್ಳೇದೇ ಆಗಿದೆ ಅಂತ ಅಂದ್ಕೊಳ್ಳೋ ಹಕ್ಕು ನಮಗಿಲ್ಲ.’

ಗುಡ್ಡ ಜಾರೋದು ಇಲ್ಲಿ ಬರೀ ಮಾತಲ್ಲ. 2024ರ ಜುಲೈ 26ರಂದು ಎಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದಿತ್ತು. ಕಾಡಿನ ನಡುವಿನ ಆ ಜಾಗಕ್ಕೆ ಕಲ್ಲು, ಮರಳಿನ ಚೀಲ, ಯಂತ್ರ ಸಾಗಿಸೋದೇ ದೊಡ್ಡ ಕಷ್ಟ. ದಿನಗಟ್ಟಲೆ ನೂರಾರು ಜನ ಮಳೆಯಲ್ಲೇ ಕೆಲಸ ಮಾಡಿದ ಮೇಲೆ, ಆಗಸ್ಟ್‌ನಲ್ಲಿ ಮೊದಲು ಗೂಡ್ಸ್ ಬಿಟ್ಟು ನೋಡಿ, ಆಮೇಲೆ ಪ್ರಯಾಣಿಕರ ರೈಲು ಬಿಟ್ಟರು.

ಇಂಥ ಕೆಲಸ ಮುಗಿದಾಗಲೂ ‘ಆಯ್ತು ಸಾರ್, ಬಿಡಿ’ ಅಂತ ಫೋನಲ್ಲಿ ಹೇಳಿದರೆ ರೈಲು ಬಿಡೋ ಹಾಗಿಲ್ಲ. ಹಳಿ ಈಗ ಯೋಗ್ಯವಾಗಿದೆ, ಇಷ್ಟು ವೇಗದಲ್ಲಿ ಮಾತ್ರ ಹೋಗಬಹುದು ಅಂತ ಎಂಜಿನಿಯರಿಂಗ್‌ನವರು ಬರೆದುಕೊಡಬೇಕು. ಹಳಿ ಅಲ್ಲಿಯವರೆಗೆ ಅವರದ್ದು. ಬರೆದುಕೊಟ್ಟ ಮೇಲೆ ರೈಲು ಓಡಿಸುವವರದ್ದು. ಯಾವ ಗಳಿಗೆಯಲ್ಲಿ ಕೈ ಬದಲಾಯ್ತು ಅಂತ ಕೇಳಿದರೆ ಗಂಟೆ, ನಿಮಿಷದ ಸಮೇತ ಹೇಳಬಹುದು. ನಮ್ಮಲ್ಲಿ ಒಂದು ಕೆಲಸ ಯಾವಾಗ ಎಂಜಿನಿಯರಿಂಗ್‌ನಿಂದ ಸಪೋರ್ಟ್‌ಗೆ ದಾಟಿತು ಅಂತ ಕೇಳಿ ನೋಡಿ!

ಎರಡಂಕಿಯ ಸಂಖ್ಯೆ

ಕಡಗರವಳ್ಳಿಯಲ್ಲಿ ನಮ್ಮ ರೈಲು ನಿಂತಿತು. ಒಂಟಿ ಹಳಿಯಾದ್ದರಿಂದ ಎದುರಿನ ಗೂಡ್ಸ್ ಮೇಲೆ ಬರಬೇಕಿತ್ತು. ಹತ್ತು ನಿಮಿಷದ ಮೇಲೆ ಗುಡ್ಡವೇ ಗುಡುಗಿದ ಹಾಗೆ ಸದ್ದು. ಮುಂದೆ ಎಂಜಿನ್‌ಗಳು, ಉದ್ದಕ್ಕೂ ವ್ಯಾಗನ್, ಕೊನೆಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳು. ಮುಂದಿನವರಿಗೆ ಹಿಂದಿನವರು ಕಾಣೋದೇ ಇಲ್ಲ. ವಾಕಿಟಾಕಿ ಇದೆ, ಜೊತೆಗೆ ಶಿಳ್ಳೆಯ ಸಂಕೇತಗಳಿವೆ. ಮುಂದಿನವರು ಶಿಳ್ಳೆ ಹಾಕಿದರೆ ಹಿಂದಿನವರು ತಿರುಗಿ ಶಿಳ್ಳೆ ಹಾಕಬೇಕು. ಆ ಉತ್ತರ ಬಂದರೇನೇ ಮಾತು ಮುಟ್ಟಿದೆ ಅಂತ ಲೆಕ್ಕ.

ಇದೇ ಲೆಕ್ಕದ ಇನ್ನೊಂದು ರೂಪ ಪ್ರೈವೇಟ್ ನಂಬರ್. ಇಡೀ ಪ್ರಯಾಣದಲ್ಲಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು ಇದು.

ಬಯಲುಸೀಮೆಯ ಒಂದು ರೈಲ್ವೆ ಗೇಟನ್ನ ಊಹಿಸಿಕೊಳ್ಳಿ. ರೈಲು ಬರ್ತಿದೆ, ಗೇಟು ಹಾಕು ಅಂತ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ. ಗೇಟ್‌ಮ್ಯಾನ್ ಹತ್ತಿರ ಒಂದು ಹಾಳೆ ಇರುತ್ತೆ, ಅದರ ತುಂಬ ಕ್ರಮವಿಲ್ಲದ ಎರಡಂಕಿಯ ಸಂಖ್ಯೆಗಳು. ಗೇಟು ಹಾಕಿ ಬೀಗ ಜಡಿದ ಮೇಲೆ ಅವನು ಹಾಳೆಯ ಮುಂದಿನ ಸಂಖ್ಯೆಯನ್ನ ಹೇಳ್ತಾನೆ. 47 ಅಂತಿಟ್ಟುಕೊಳ್ಳಿ. ಹೇಳಿ, ತನ್ನ ಹಾಳೆಯಲ್ಲಿ ಅದನ್ನ ಹೊಡೆದುಹಾಕ್ತಾನೆ. ಮಾಸ್ಟರ್ ಅದನ್ನ ತಮ್ಮ ರಿಜಿಸ್ಟರಿನಲ್ಲಿ ಬರ್ಕೊಳ್ತಾರೆ. ಆಮೇಲೇ ಸಿಗ್ನಲ್.

‘ನೋಡು, ಆ ಹಾಳೆ ನನ್ ಹತ್ರ ಇಲ್ಲ. ಹಾಗಾಗಿ ನಾನು ನಂಬರ್ ಹುಟ್ಟಿಸ್ಕೊಳ್ಳೋ ಹಾಗಿಲ್ಲ. ಅವ್ನು ಗೇಟ್ ಹಾಕದೆ ನಂಬರ್ ಕೊಟ್ರೆ ಅದು ಅವನ ತಲೆ ಮೇಲೆ. ನಂಬರ್ ಬರದೆ ನಾನು ಸಿಗ್ನಲ್ ಕೊಟ್ರೆ ಅದು ನನ್ ತಲೆ ಮೇಲೆ. ಇಬ್ರ ಮಧ್ಯೆ ಜಗಳಕ್ಕೆ ಜಾಗಾನೇ ಇಲ್ಲ.’

ಇಲ್ಲಿ ಸಂಖ್ಯೆ ಕೊಡೋನು ಯಾರು ಅನ್ನೋದನ್ನ ಗಮನಿಸಿ. ಮಾತು ಹೇಳಿದವನಲ್ಲ, ಕೇಳಿಸಿಕೊಂಡವನು. ಅದೂ ಕೇಳಿಸಿಕೊಂಡ ಕೂಡಲೇ ಅಲ್ಲ, ಕೆಲಸ ಮಾಡಿ ಮುಗಿಸಿದ ಮೇಲೆ. ನಮ್ಮ ನೀಲಿ ಟಿಕ್ ಹೇಳೋದು ಮೆಸೇಜ್ ಕಣ್ಣಿಗೆ ಬಿತ್ತು ಅಂತ ಮಾತ್ರ. ಹೆಬ್ಬೆಟ್ಟು ಅಷ್ಟನ್ನೂ ಹೇಳೋದಿಲ್ಲ.

ಮೀಟರ್ ಗೇಜ್ ಕಾಲದಲ್ಲಿ ಇದೇ ವಿಚಾರ ಕೈಯಲ್ಲಿ ಹಿಡಿಯುವ ವಸ್ತುವಾಗಿತ್ತಂತೆ. ಎರಡು ಸ್ಟೇಷನ್‌ಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರಗಳು, ಒಳಗೆ ಲೋಹದ ಉಂಡೆಗಳು. ಒಂದು ಉಂಡೆ ಹೊರಗೆ ಬಂದರೆ, ಅದು ಎರಡರಲ್ಲಿ ಒಂದು ಯಂತ್ರಕ್ಕೆ ವಾಪಸ್ ಬೀಳೋವರೆಗೆ ಇನ್ನೊಂದು ಉಂಡೆ ಯಾವ ಕಡೆಯೂ ಹೊರಗೆ ಬರೋದಿಲ್ಲ. ಆ ಉಂಡೆ ಕೈಗೆ ಬಂದರೆ ಮಾತ್ರ ಡ್ರೈವರ್ ಹೊರಡಬಹುದು. ಬಳೆಯಂಥ ದೊಡ್ಡ ಚೌಕಟ್ಟಿಗೆ ಕಟ್ಟಿದ ಚೀಲದಲ್ಲಿ ಉಂಡೆ ಇಟ್ಟು, ಓಡುವ ಎಂಜಿನ್ನಿಗೆ ಎತ್ತಿ ಕೊಡುತ್ತಿದ್ದದ್ದನ್ನ ದೊಡ್ಡಪ್ಪ ಕೈಯೆತ್ತಿ ತೋರಿಸಿದರು. ಎದುರಿನ ಸೀಟಿನ ಹುಡುಗ ಮೊಬೈಲ್ ಕೆಳಗಿಟ್ಟು ನೋಡಿದ.

ಬಾವುಟ ಯಾರ ಕೈಯಲ್ಲಿ?

ಎಡಕುಮರಿ ಕಾಡಿನ ನಡುವಿನ ಸ್ಟೇಷನ್. ಬಸ್ ಹೋಗುವಂಥ ರಸ್ತೆಯಿಲ್ಲ. ಹಿಂದೆ ಚಾರಣಿಗರು ಹಳಿ ಮೇಲೆ ನಡೆದು ಇಲ್ಲಿಗೆ ಬರುತ್ತಿದ್ದರು. ಈಗ ಅದಕ್ಕೆ ಅವಕಾಶವಿಲ್ಲ, ಇರಲೂಬಾರದು. ಸುರಂಗದಲ್ಲಿ ಎದುರಿಗೆ ರೈಲು ಬಂದರೆ ಓಡಿಹೋಗಲು ಜಾಗವಿರೋದಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಹಸಿರು ಬಾವುಟ ಚಾಚಿ ನಿಂತಿದ್ದರು. ನಾನು ಇಷ್ಟು ವರ್ಷ ಅದನ್ನ ‘ಹೋಗಿ ಬನ್ನಿ’ ಅನ್ನೋ ಮರ್ಯಾದೆ ಅಂದುಕೊಂಡಿದ್ದೆ. ಅದು ಬರೀ ಮರ್ಯಾದೆಯಲ್ಲ. ಹಾದುಹೋಗುವ ರೈಲಿನ ಚಕ್ರ, ಬ್ರೇಕು, ಬೋಗಿಯ ಅಡಿ ಎಲ್ಲವನ್ನೂ ಅವರು ನೋಡ್ತಿರ್ತಾರೆ. ಏನಾದರೂ ಜೋತು ಬಿದ್ದಿದೆಯಾ, ಹೊಗೆ ಬರ್ತಿದೆಯಾ, ಬಾಗಿಲು ತೆರೆದಿದೆಯಾ ಅಂತ. ಸರಿ ಇದ್ದರೆ ಹಸಿರು, ಏನಾದರೂ ಕಂಡರೆ ಕೆಂಪು. ಎಂಜಿನ್ನಿನಿಂದ ಡ್ರೈವರೂ, ಕೊನೆಯ ಬೋಗಿಯಿಂದ ಗಾರ್ಡೂ ತಿರುಗಿ ಹಸಿರು ತೋರಿಸ್ತಾರೆ.

ಹಳಿಯ ಮೇಲೆ ಗಸ್ತು ತಿರುಗುವ ಕೀಮ್ಯಾನ್ ಕೈಯಲ್ಲೂ ಇದೇ ಅಧಿಕಾರ ಇದೆ. ಹಳಿ ಮುರಿದದ್ದು ಕಂಡರೆ ಅವನು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಕೆಂಪು ಬಾವುಟ ನೆಟ್ಟು, ಇನ್ನೊಂದು ಹಿಡಿದು ರೈಲು ಬರುವ ದಿಕ್ಕಿಗೆ ಓಡಬೇಕು. ಬ್ರಾಡ್‌ಗೇಜ್ ಆದರೆ 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಪಟಾಕಿ, 1200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಬಿಟ್ಟು ಮೂರು ಪಟಾಕಿ ಕಟ್ಟಬೇಕು. ಚಕ್ರ ಹತ್ತಿದರೆ ಸಿಡಿಯುತ್ತೆ, ಡ್ರೈವರ್ ನಿಲ್ಲಿಸ್ತಾನೆ. ಸಾವಿರಾರು ಜನರ ರೈಲನ್ನ ಇಲಾಖೆಯ ಕೊನೆಯ ಮೆಟ್ಟಿಲಿನ ನೌಕರ ನಿಲ್ಲಿಸಬಹುದು.

‘ನಿಲ್ಸಿದ್ಮೇಲೆ ಏನೂ ಆಗಿರ್ಲಿಲ್ಲ ಅಂತ ಗೊತ್ತಾದ್ರೆ?’

ದೊಡ್ಡಪ್ಪ ಕಿಟಕಿಯ ಹೊರಗೇ ನೋಡ್ತಾ ಹೇಳಿದರು: ‘ಒಳ್ಳೇದಾಯ್ತು ಅನ್ಬೇಕು. ಸುಮ್ ಸುಮ್ನೆ ನಿಲ್ಸಿದೆ ಅಂತ ಅವತ್ತು ಅವನನ್ನ ಬೈದ್ರೆ, ನಾಳೆ ನಿಜವಾಗ್ಲೂ ಹಳಿ ಮುರಿದಾಗ ಅವ್ನು ಎರಡು ಸಲ ಯೋಚ್ನೆ ಮಾಡ್ತಾನೆ. ಆ ಎರಡನೇ ಯೋಚ್ನೆಗೆ ಟೈಮಿರಲ್ಲ ಕಣಮ್ಮ.’

ಹಾಗಂತ ರೈಲ್ವೆ ಸ್ವರ್ಗವಲ್ಲ

ಇಷ್ಟೆಲ್ಲ ಓದಿ, ರೈಲ್ವೆಯಲ್ಲಿ ಇಲಾಖೆಗಳು ಅಣ್ಣತಮ್ಮಂದಿರ ಹಾಗಿವೆ ಅಂದುಕೊಳ್ಳಬೇಡಿ. ಇಲಾಖೆಗಳ ಕಿತ್ತಾಟ ಅಲ್ಲಿಯ ಹಳೇ ಕಾಯಿಲೆ. 1994ರ ಪ್ರಕಾಶ್ ಟಂಡನ್ ಸಮಿತಿಯಿಂದ 2015ರ ಬಿಬೇಕ್ ದೇಬ್‌ರಾಯ್ ಸಮಿತಿವರೆಗೆ ಎಷ್ಟೋ ಸಮಿತಿಗಳು ಇದರ ಬಗ್ಗೆ ಬರೆದಿವೆ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅಧಿಕಾರಿಗಳ ಎಂಟು ಸೇವೆಗಳನ್ನ ಸೇರಿಸಿ ಒಂದೇ ಸೇವೆ ಮಾಡಲು ಒಪ್ಪಿದ್ದೂ ಈ ಕಿತ್ತಾಟ ಕೊನೆಗಾಣಿಸಬೇಕು ಅಂತಲೇ.

ಮಾತು ದಾಟದಿದ್ದರೆ ಏನಾಗುತ್ತೆ ಅನ್ನೋದಕ್ಕೂ ರೈಲ್ವೆಯದ್ದೇ ಉದಾಹರಣೆ ಇದೆ. 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಗೂಡ್ಸ್‌ಗೆ ಹೊಡೆಯಿತು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯ ಪ್ರಕಾರ ಮೂಲ ತಪ್ಪು ಸಿಗ್ನಲ್ ಸರ್ಕ್ಯೂಟಿನ ಕೆಲಸದಲ್ಲಿತ್ತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಎರಡು ಹಳಿಗಳನ್ನ ಜೋಡಿಸುವ ಪಾಯಿಂಟುಗಳು ಮತ್ತೆ ಮತ್ತೆ ವಿಚಿತ್ರವಾಗಿ ವರ್ತಿಸುತ್ತಿದ್ದುದನ್ನ ಸ್ಟೇಷನ್‌ನವರು ಸಿಗ್ನಲ್‌ನವರಿಗೆ ತಿಳಿಸಿದ್ದರೆ, ಅವರು ಸರಿಪಡಿಸಬಹುದಿತ್ತು.

ಈ ಪ್ರಸಂಗ ಬಂದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಿಗ್ನಲ್ ಕೆಲಸದ ಪದ್ಧತಿ ವಿವರಿಸಿದರು. ಸಿಗ್ನಲ್‌ನವರು ಒಂದು ವೈರ್ ಬಿಚ್ಚಬೇಕಾದರೂ ಸ್ಟೇಷನ್ ಮಾಸ್ಟರಿಗೆ ‘ಇಂಥದ್ದನ್ನ ಕಳಚ್ತೀವಿ’ ಅಂತ ಬರೆದುಕೊಟ್ಟು, ಅವರ ಸಹಿ ಬಿದ್ದ ಮೇಲೆ ಮುಟ್ಟಬೇಕು. ಮುಗಿದ ಮೇಲೆ ಇಬ್ಬರೂ ಸೇರಿ ಪರೀಕ್ಷಿಸಿ, ‘ಮತ್ತೆ ಜೋಡಿಸಿದ್ದೀವಿ’ ಅಂತ ಬರೆದುಕೊಡಬೇಕು. ‘ನಿಯಮ ಎಲ್ಲಾ ಸರಿಯಾಗೇ ಇದೆ. ಲೇಟಾಗುತ್ತೆ, ಮೇಲಿನಿಂದ ಫೋನ್ ಬರುತ್ತೆ, ದಿನಾ ನೋಡೋ ಮನುಷ್ಯ ಅಂತ ಸಲಿಗೆ ಬರುತ್ತೆ. ಅಲ್ಲೇ ಜಾರೋದು’ ಅಂದರು.

ಅಪಘಾತ ಆದ ಮೇಲಿನ ಒಂದು ಪದ್ಧತಿಯೂ ನನಗೆ ಹಿಡಿಸಿತು. ಸ್ಥಳಕ್ಕೆ ಎಲ್ಲ ಇಲಾಖೆಯ ಮೇಲ್ವಿಚಾರಕರೂ ಹೋಗಿ, ಕಂಡದ್ದನ್ನ ಅಳತೆ ಮಾಡಿ, ಒಂದೇ ಜಂಟಿ ಟಿಪ್ಪಣಿ ಬರೀಬೇಕು. ಒಪ್ಪದವರು ತಮ್ಮ ಭಿನ್ನಾಭಿಪ್ರಾಯವನ್ನ ಅದಕ್ಕೇ ಬರೆದು ಸೇರಿಸಬಹುದು. ಅಂದರೆ ಜಗಳವೂ ಒಂದೇ ಕಡೆ, ಎಲ್ಲರ ಕಣ್ಣೆದುರು ಇರುತ್ತೆ. ನಮ್ಮಲ್ಲಾದರೆ ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸ್ತೀವಿ, ಭಿನ್ನಾಭಿಪ್ರಾಯ ಕ್ಯಾಂಟೀನಿನಲ್ಲಿ ಹೊರಗೆ ಬರುತ್ತೆ.

ನೆಟ್ಟಣಕ್ಕೆ ಬಂದಿಳಿದ ಮೇಲೆ

ಶಿರಿಬಾಗಿಲು ದಾಟಿದ ಮೇಲೆ ಗಾಳಿ ಬದಲಾಯಿತು. ಬಿಸಿ, ತೇವ, ಅಡಿಕೆ ತೋಟದ ವಾಸನೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ. ಕುಕ್ಕೆ ದೇವಸ್ಥಾನ ಇಲ್ಲಿಂದ ಸುಮಾರು 12 ಕಿಲೋಮೀಟರ್. ಇಳಿದವರೆಲ್ಲ ಜೀಪು, ಬಸ್ಸು ಹುಡುಕಿಕೊಂಡು ಓಡಿದರು. ನಾವು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ದೊಡ್ಡಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತಿಂದೆವು. ಅಲ್ಲೇ ಫೋನಿನಲ್ಲಿ ನನ್ನ ಒಂದು ಪುಟ ಬರೆದೆ. ‘ಸಂವಹನ’ ಅನ್ನೋ ಪದ ಅದರಲ್ಲಿ ಒಂದು ಸಲವೂ ಬರಲಿಲ್ಲ. ನಾಲ್ಕೇ ಸಾಲು.

ಒಂದು: ಪ್ರತಿ ಸೋಮವಾರ ಬೆಳಿಗ್ಗೆ 11ರೊಳಗೆ ಎಂಜಿನಿಯರಿಂಗ್‌ನಿಂದ ಸಪೋರ್ಟ್‌ಗೆ ಒಂದು ಚೀಟಿ. ಬದಲಾವಣೆ ಇಲ್ಲದಿದ್ದರೆ ‘ಈ ವಾರ ಏನೂ ಇಲ್ಲ’ ಅಂತ. ಚೀಟಿ ಬರದಿದ್ದರೆ ಆ ವಾರ ರಿಲೀಸ್ ಇಲ್ಲ.

ಎರಡು: ಚೀಟಿ ಮುಟ್ಟಿದ್ದಕ್ಕೆ ಹೆಬ್ಬೆಟ್ಟು ಸಾಲದು. ಏನು ಬದಲಾಗ್ತಿದೆ ಅಂತ ಸಪೋರ್ಟ್‌ನವರು ತಮ್ಮ ಮಾತಿನಲ್ಲಿ ಎರಡು ಸಾಲು ತಿರುಗಿ ಬರೀಬೇಕು. ಅದು ಬಂದ ಮೇಲೇ ನಮ್ಮ ಕೈಯಿಂದ ಕೆಲಸ ದಾಟಿತು ಅಂತ ಲೆಕ್ಕ.

ಮೂರು: ರಿಲೀಸ್ ನಿಲ್ಲಿಸುವ ಅಧಿಕಾರ ರಾತ್ರಿ ಪಾಳಿಯವರಿಗೂ ಇರಲಿ. ಮೊದಲು ನಿಲ್ಲಿಸಲಿ, ಕಾರಣ ಆಮೇಲೆ.

ನಾಲ್ಕು: ಒಪ್ಪದವರು ಅದೇ ಕಾಗದದಲ್ಲಿ ಬರೀಲಿ.

ಇದನ್ನ ಆರು ತಿಂಗಳಿಂದ ಪಾಲಿಸ್ತಿದ್ದೀವಿ. ಪವಾಡವೇನೂ ಆಗಿಲ್ಲ. ಸೇಲ್ಸ್‌ನವರು ಇನ್ನೂ ಸೇರಿಕೊಂಡಿಲ್ಲ, ಅವರಿಗೆ ಚೀಟಿ ಬರೆಯುವಷ್ಟು ಪುರುಸೊತ್ತಿಲ್ಲವಂತೆ. ಆ ಹೊಸ ಮೀಟಿಂಗೂ ನಿಂತಿಲ್ಲ, ಆದರೆ ಈಗ ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ತಿರುಗಿ ಬರೆದ ಎರಡು ಸಾಲು ನೋಡಿದಾಗ, ನಾವು ಹೇಳಿದ್ದೇ ಬೇರೆ ಅವರಿಗೆ ಅರ್ಥವಾದದ್ದೇ ಬೇರೆ ಅಂತ ಎಷ್ಟೋ ಸಲ ಗೊತ್ತಾಗಿದೆ. ಮೊದಲೂ ಹಾಗೇ ಆಗ್ತಿತ್ತು, ನಮಗೆ ಕಾಣ್ತಿರಲಿಲ್ಲ ಅಷ್ಟೇ.

ನಿಜವಾದ ಪರೀಕ್ಷೆ ಬಂದದ್ದು ಹೋದ ತಿಂಗಳು. ರಾತ್ರಿ ಪಾಳಿಗೆ ಹೊಸದಾಗಿ ಸೇರಿದ ಹುಡುಗ ಒಂದು ರಿಲೀಸ್ ನಿಲ್ಲಿಸಿದ. ಬಿಲ್ಲಿನ ಮೊತ್ತ ಎರಡು ಸಲ ಕಾಣಿಸ್ತಿದೆ ಅಂತ ಅವನಿಗೆ ಅನುಮಾನ. ನಮ್ಮವರು ನಿದ್ದೆಗಣ್ಣಲ್ಲಿ ಎದ್ದು ಎರಡು ಗಂಟೆ ಹುಡುಕಿದರು. ಏನೂ ತಪ್ಪಿರಲಿಲ್ಲ, ಅವನ ಸ್ಕ್ರೀನಿನಲ್ಲಿ ಹಳೆಯ ಪುಟ ಉಳಿದುಕೊಂಡಿತ್ತು. ಬೆಳಿಗ್ಗೆ ಆ ಹುಡುಗ ಮುಖ ಸಣ್ಣ ಮಾಡಿಕೊಂಡು ನಮ್ಮ ಮ್ಯಾನೇಜರ್ ಹತ್ತಿರ ಬಂದ.

ನಾನು ಪಕ್ಕದ ಡೆಸ್ಕ್‌ನಲ್ಲೇ ಇದ್ದೆ. ಮ್ಯಾನೇಜರ್ ಅವನನ್ನ ನೋಡಿ, ‘ನಿಲ್ಲಿಸಿದ್ದು ಒಳ್ಳೇದಾಯ್ತು. ಮುಂದಿನ ಸಲವೂ ನಿಲ್ಲಿಸು’ ಅಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ‘ಎರಡು ಗಂಟೆ ನಿದ್ದೆ ಹೋಯ್ತಲ್ರೀ’ ಅಂತ ಗೊಣಗಿದರು. ಗೊಣಗಲಿ. ಅವನೆದುರು ಗೊಣಗಲಿಲ್ಲವಲ್ಲ, ಅಷ್ಟು ಸಾಕು.